ಮುಂದಿನ ಸಾಲು ಓದಿಸಿದ ಸಭಾಹಿರಿಯ

ಗದಗ ಸೀಮೆಯ ಒಂದು ನೇಕಾರರ ಊರಿನಲ್ಲಿ ಪುಟ್ಟ ಕ್ರೈಸ್ತ ಸಭೆಯಿತ್ತು. ಪಾದ್ರಿಗಳು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳ ಹೊಣೆ ಸಭಾಹಿರಿಯ ಸಮಾಧಾನಪ್ಪನದು. ಅವನ ಪ್ರಸಂಗ ಕೇಳಿದರೆ ಮುಂದೆ ಕೂತವರಿಗೂ ತೂಕಡಿಕೆ ಬರುತ್ತಿತ್ತು, ಸುಳ್ಳೇಕೆ ಹೇಳಲಿ? ಆದರೆ ಮಗ್ಗದ ಕೆಲಸ ಮುಗಿಸಿ ದಿನವೂ ದೇವರ ವಾಕ್ಯ ಓದುತ್ತ ನಲವತ್ತು ವರ್ಷ ಕಳೆದವನು. ಕುಡಿತವಿಲ್ಲ, ಜಗಳವಿಲ್ಲ, ಕೊಟ್ಟ ಮಾತಿಗೆ ತಪ್ಪಿದವನಲ್ಲ. ಅದನ್ನು ನೋಡಿಯೇ ಜನ ಅವನನ್ನು ಆರಿಸಿದ್ದರು.

ಆ ಸಭೆಯಲ್ಲೊಂದು ರೂಢಿ. ಯಾರೇ ಬೋಧಿಸಲಿ, ಕೇಳುವವರು ತಮ್ಮ ಬೈಬಲ್ ಪುಸ್ತಕ ತೆರೆದು ಬೋಧಕ ಹೇಳುವ ಸಾಲಿನ ಮೇಲೆ ಬೆರಳಿಟ್ಟುಕೊಳ್ಳಬೇಕು.

ಒಂದು ಭಾನುವಾರ ಪರವೂರಿನ ಬೋಧಕನೊಬ್ಬ ಬಂದ. ಕಣ್ಣು ಮುಚ್ಚಿ ಬಾಯಿಪಾಠವಾಗಿಯೇ ವಾಕ್ಯ ಹೇಳತೊಡಗಿದ. ಜನ ಮರುಳಾಗಿ ಪುಸ್ತಕ ಮುಚ್ಚಿಟ್ಟರು. ಬೈಬಲಿನಲ್ಲಿ ಬರುವ ಹಿಜ್ಕೀಯ ರಾಜ ಹುಣ್ಣಿನಿಂದ ಸಾಯಲಿದ್ದಾಗ ಅತ್ತು ಪ್ರಾರ್ಥಿಸಿದ, ದೇವರು ಅವನ ಆಯುಸ್ಸಿಗೆ ಹದಿನೈದು ವರ್ಷ ಕೂಡಿಸಿದ ಎಂದ. ರಾಜ ಔಷಧ ಕೇಳಲಿಲ್ಲ, ಆದ್ದರಿಂದ ಗುಳಿಗೆ ನುಂಗುವುದು ಅವಿಶ್ವಾಸ ಎಂದೂ ಸೇರಿಸಿದ.

ಕ್ಷಯರೋಗದ ಕೃಪಮ್ಮ ನಾಲ್ಕು ತಿಂಗಳಿಂದ ಗುಳಿಗೆ ನುಂಗಿ ಬೇಸತ್ತಿದ್ದಳು. ಚೀಲದಲ್ಲಿದ್ದ ಪೊಟ್ಟಣ ತೆಗೆದು ಬೋಧಕನ ಕಾಲ ಬಳಿ ಇಟ್ಟುಬಿಟ್ಟಳು. ಜನ ಚಪ್ಪಾಳೆ ತಟ್ಟಿದರು.

ಆಗ ಸಮಾಧಾನಪ್ಪ ಎದ್ದ. ಎಂಥ ಎದೆಗಾರಿಕೆ ನೋಡಿ, ಇಡೀ ಸಭೆ ಒಂದು ಕಡೆ, ಅವನೊಬ್ಬನೇ ಒಂದು ಕಡೆ.

"ಅಯ್ನೋರ, ಮುಂದಿನ ಸಾಲು ಓದ್ರಿ."

ಅದರ ಅಗತ್ಯವಿಲ್ಲ ಎಂದ ಬೋಧಕ. ಸಮಾಧಾನಪ್ಪ ತನ್ನ ಪುಸ್ತಕವನ್ನೇ ಅವನ ಕೈಗಿತ್ತು, ಸಾಲು ತೋರಿಸಿದ. ಬೋಧಕ ತಡವರಿಸುತ್ತ ಓದಿದ. ರಾಜನಿಗೆ ದೇವರ ಮಾತು ತಂದ ಪ್ರವಾದಿಯೇ ಅಂಜೂರದ ಹಣ್ಣಿನ ಉಂಡೆ ತರಿಸಿ ರಾಜನ ಹುಣ್ಣಿಗೆ ಕಟ್ಟಿಸಿದನೆಂದೂ ರಾಜ ಗುಣವಾದನೆಂದೂ ಅಲ್ಲಿತ್ತು.

ಜನ ತಲೆ ತಗ್ಗಿಸಿದರು. ಒಬ್ಬ ಮಾತ್ರ, ಮನೆಗೆ ಬಂದ ಅತಿಥಿಗೆ ಹೀಗೆ ಅವಮಾನ ಮಾಡಬಹುದೇ ಎಂದು ಗೊಣಗಿದ.

"ಅವಮಾನ ಆಗಿದ್ದು ಖರೆ," ಎಂದ ಸಮಾಧಾನಪ್ಪ. "ನಾ ಸುಮ್ಮನ ಕುಂತಿದ್ರ, ಕೃಪಮ್ಮನ ಮಣ್ಣಿಗೆ ಎಲ್ಲಾರೂ ಬರಬೇಕಾಗತಿತ್ತು."

ಪೊಟ್ಟಣವನ್ನು ಎತ್ತಿ ಕೃಪಮ್ಮನ ಕೈಗೆ ಕೊಟ್ಟ. ಅವಳ ತಲೆಯ ಮೇಲೆ ಕೈಯಿಟ್ಟು ಗುಣವಾಗಲೆಂದು ದೇವರಲ್ಲಿ ಬೇಡಿಕೊಂಡ. ಕೃಪಮ್ಮ ಕಣ್ಣೊರೆಸಿಕೊಂಡು ಒಂದು ಲೋಟ ನೀರು ಕೇಳಿದಳು. ಆ ದಿನದ ಗುಳಿಗೆಯನ್ನು ಅಲ್ಲಿಯೇ ನುಂಗಿದಳು.

ನೀತಿ: ಬೆಳ್ಳಗಿರುವುದೆಲ್ಲ ಹಾಲಲ್ಲ, ಇಂಪಾದ ಬೋಧನೆಯೆಲ್ಲ ಸತ್ಯವಲ್ಲ. ಸಭೆಗೆ ಹಿರಿಯರನ್ನು ಆರಿಸುವಾಗ ಮಾತಿನ ಸೊಗಸಿಗೆ ಸೋಲಬೇಡಿ. ವಾಕ್ಯವನ್ನು ಪೂರ್ತಿ ಬಲ್ಲವರನ್ನು, ಅದರಂತೆ ನಡೆಯುವವರನ್ನು, ಸುಳ್ಳಿನ ಎದುರು ಎದ್ದು ನಿಲ್ಲುವವರನ್ನು ಆರಿಸಿ. ಅಂಥವರಿದ್ದರೆ ಸಭೆಯ ನಂಬಿಕೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.