ವಾರಕ್ಕೊಂದು ಬುಟ್ಟಿ ಮಾದರಿ

ಮರಗಳಿಗಿಂತ ಬಂಡೆಗಳೇ ಹೆಚ್ಚಾಗಿದ್ದ ಒಂದು ಕಾಡಿನಲ್ಲಿ ಕೆಂಚವ್ವ ಎಂಬ ಕರಡಿ ಇದ್ದಳು. ಗುಡ್ಡದ ನೆತ್ತಿಯ ಹತ್ತಿರ ಅವಳದೊಂದು ಗವಿ. ಗವಿಯೇ ಮನೆ, ಗವಿಯೇ ಅಡುಗೆಮನೆ. ಅವಳು ಬೇಲದ ಹಣ್ಣು ಒಡೆದು, ತಿರುಳಿಗೆ ಜೇನು ಸುರಿದು, ಬಾರೆಹಣ್ಣು ಹಿಚುಕಿ ಸೇರಿಸಿ, ಚೆನ್ನಾಗಿ ನಾದಿ, ಬಾಗಿಲ ಮುಂದಿನ ಬಂಡೆಯ ಮೇಲೆ ರೊಟ್ಟಿ ತಟ್ಟುತ್ತಿದ್ದಳು. ಬಿಸಿಲೇರಿದಂತೆ ಬಂಡೆ ಕಾಯುತ್ತಿತ್ತು. ರೊಟ್ಟಿ ಅಂಚಿನಲ್ಲಿ ಕೆಂಪಗಾಗಿ, ನಡುವೆ ಮೆತ್ತಗೆ ಉಳಿಯುತ್ತಿತ್ತು. ಅದರ ಘಮ ಗಾಳಿ ಹಿಡಿದು ಇಳಿಜಾರಿನ ಬುಡದವರೆಗೂ ಹೋಗುತ್ತಿತ್ತು.

ಘಮ ಮೂಗಿಗೆ ಬಡಿದವರೆಲ್ಲ ಗುಡ್ಡ ಹತ್ತಿ ಬರುತ್ತಿದ್ದರು. ಮುಳ್ಳುಹಂದಿ ಸೂಜವ್ವ ಗೆಣಸು ಕೊಟ್ಟು ರೊಟ್ಟಿ ಒಯ್ಯುತ್ತಿದ್ದಳು. ನವಿಲುಗಳು ಇಪ್ಪೆ ಹೂ ತರುತ್ತಿದ್ದವು. ಗಾದ್ರಜ್ಜ ಎಂಬ ಮುದಿ ಮುಸುವ ಕೋತಿ ಏನನ್ನೂ ತರುತ್ತಿರಲಿಲ್ಲ. ಅವನ ಬಾಯಲ್ಲಿ ಹಲ್ಲಿರಲಿಲ್ಲ. ಕೆಂಚವ್ವನ ಮೆತ್ತನೆಯ ರೊಟ್ಟಿಯೊಂದೇ ಅವನಿಗೆ ನುಂಗಲಿಕ್ಕೆ ಬರುತ್ತಿದ್ದದ್ದು. ಬಂಡೆಯ ತುದಿಯಲ್ಲಿ ಕೂತು ಅದನ್ನು ಚಪ್ಪರಿಸುತ್ತ, ತಾನು ಹುಡುಗನಾಗಿದ್ದಾಗ ಹಾರಿದ ಕಮರಿಗಳ ಕಥೆ ಹೇಳುತ್ತಿದ್ದ. ಅದೇ ಕೆಂಚವ್ವನಿಗೆ ಅವನು ಕೊಡುತ್ತಿದ್ದ ಬೆಲೆ.

ಕರಡಿಗಳದು ಒಂಟಿ ಬದುಕು. ಆದರೆ ಕೆಂಚವ್ವನ ಬಾಗಿಲಲ್ಲಿ ಬೆಳಗಿನ ಹೊತ್ತು ಗಲಗಲ ಮಾತು. "ಕೆಂಚವ್ವಾ, ಆಯ್ತೇನೇ?" ಎಂದು ಕೆಳಗಿನಿಂದ ಯಾರಾದರೂ ಕೂಗಿದರೆ ಸಾಕು, ಅವಳ ಕೈ ಚುರುಕಾಗುತ್ತಿತ್ತು. "ಬಂದೆ ಬಂದೆ, ಇನ್ನೊಂದು ಮಗ್ಗುಲು ಕಾಯಲಿ!" ಎಂದು ಅವಳು ಅಷ್ಟೇ ಜೋರಾಗಿ ಕೂಗುತ್ತಿದ್ದಳು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಡಿನ ಆಚೆ ಮಗ್ಗುಲಲ್ಲಿ ಒಂದು ಅನಾಹುತವಾಯಿತು. ಯಾರದೋ ಬಿಲದಲ್ಲಿ ಕಲಸಿ ಹಂಚಿದ ಹಳಸಲು ಹಣ್ಣು ತಿಂದು ಎರಡು ಮೊಲದ ಮರಿಗಳು ಸತ್ತವು. ಕೆರೆಯ ದಂಡೆಯಲ್ಲಿ ಸಭೆ ಸೇರಿತು. ಮನೆಯಲ್ಲಿ ಮಾಡಿ ಬೇರೆಯವರಿಗೆ ತಿನ್ನಲು ಕೊಡುವವರೆಲ್ಲ ಇನ್ನು ಮೇಲೆ ಪರವಾನಗಿ ಪಡೆಯಬೇಕೆಂದು ಕಾಡಿನ ಹಿರಿಯಳಾದ ಆನೆ ದೊಡ್ಡವ್ವ ನಿಯಮ ಮಾಡಿದಳು. ಗುಡ್ಡದ ಮೇಲಿನವರಿಗೆ ಅದನ್ನು ತಿಳಿಸಿ ಅವರ ಅರ್ಜಿಗಳನ್ನು ಸಭೆಗೆ ಮುಟ್ಟಿಸುವ ಕೆಲಸ ನಾಜೂಕಯ್ಯ ಎಂಬ ನರಿಯ ಪಾಲಿಗೆ ಬಂತು.

ನಾಜೂಕಯ್ಯ ಬಾಲ ಒರೆಸಿಕೊಂಡು, ಮೆತ್ತಗೆ ಹೆಜ್ಜೆಯಿಡುತ್ತ ಗವಿಯ ಮುಂದೆ ಬಂದು ನಿಂತ. ಮೊಲದ ಮರಿಗಳ ಸುದ್ದಿ ಕೇಳಿ ಕೆಂಚವ್ವ ನಾದುತ್ತಿದ್ದ ಕೈ ನಿಲ್ಲಿಸಿದಳು.

"ಅಯ್ಯೋ ಪಾಪ! ನಿಯಮ ಬಂದದ್ದು ಸರಿಯಾಯ್ತು," ಎಂದಳು. "ನಾನೇನು ಮಾಡಬೇಕು ಹೇಳು."

ನರಿ ಬಂಡೆಯ ಮೇಲಿನ ರೊಟ್ಟಿಗಳನ್ನು ನೋಡಿದ. ಬಾಯಲ್ಲಿ ನೀರೂರಿತು. ನಾಲಗೆಯಲ್ಲಿ ಸುಳ್ಳೂ ಊರಿತು.

"ಹೆಚ್ಚೇನಿಲ್ಲ ಕೆಂಚಕ್ಕ. ವಾರಕ್ಕೊಂದು ಬುಟ್ಟಿ ರೊಟ್ಟಿ ಮಾದರಿ ಅಂತ ಸಭೆಗೆ ಹೋಗಬೇಕು. ಹಿರಿಯರು ತಿಂದು ನೋಡ್ತಾರೆ. ಅವರಿಗೆ ಒಪ್ಪಿಗೆಯಾದ ದಿನ ಪರವಾನಗಿ. ಅಲ್ಲಿಯವರೆಗೆ ಒಂದು ಚೂರೂ ಬೇರೆಯವರ ಬಾಯಿಗೆ ಬೀಳಕೂಡದು. ಬಿತ್ತೋ, ನಿನ್ನ ಅರ್ಜಿ ಅಲ್ಲಿಗೇ ಮುಗೀತು."

"ನಾನೇ ಬಂದು ಕೊಡಲಾ?"

"ಎರಡು ಗುಡ್ಡ ದಾಟಬೇಕು, ಬಟಾಬಯಲಲ್ಲಿ ನಡೀಬೇಕು. ನಾನಿರುವಾಗ ನಿನಗ್ಯಾಕೆ ಆ ತೊಂದರೆ?"

ಬಯಲು ಎಂದರೆ ಕೆಂಚವ್ವನಿಗೆ ಎದೆ ನಡುಗುತ್ತಿತ್ತು. ಹುಟ್ಟಿದಾಗಿನಿಂದ ಅವಳು ಬಂಡೆಗಳ ನೆರಳು ಬಿಟ್ಟು ಹೋದವಳಲ್ಲ. "ನಿನ್ನಿಂದ ಉಪಕಾರವಾಯ್ತು ಕಣಪ್ಪ," ಎಂದು ಅವಳು ಮೊದಲ ಬುಟ್ಟಿ ತುಂಬಿಸಿ, ಮುತ್ತುಗದ ಎಲೆ ಮುಚ್ಚಿ ಕೊಟ್ಟಳು.

ಮರುದಿನ ಬೆಳಿಗ್ಗೆ ಬಂದವರಿಗೆಲ್ಲ ಅವಳೇ ವಿಷಯ ತಿಳಿಸಿದಳು. "ಸ್ವಲ್ಪ ದಿನ ತಡ್ಕೊಳ್ರಪ್ಪ." ಎಲ್ಲರೂ ತಲೆಯಾಡಿಸಿ ಇಳಿದುಹೋದರು. ನವಿಲುಗಳು ಎರಡು ದಿನ ಬಂದು ನೋಡಿದವು. ಆಮೇಲೆ ಬರಲಿಲ್ಲ.

ವಾರ ಕಳೆಯಿತು. ನರಿ ಖಾಲಿ ಬುಟ್ಟಿ ತಂದ. ಕೆಂಚವ್ವ ಓಡಿಬಂದಳು.

"ಯಾರು ತಿಂದರು? ಪೂರ್ತಿ ತಿಂದರಾ, ಅರ್ಧಕ್ಕೆ ಬಿಟ್ಟರಾ? ಏನಂದರು?"

ನರಿ ಮುಖ ಸಣ್ಣದು ಮಾಡಿದ. "ಜೇನು ಹೆಚ್ಚಾಯ್ತಂತೆ."

ಅವಳು ಜೇನು ಕಡಿಮೆ ಮಾಡಿದಳು. ಮುಂದಿನ ವಾರ ಜೇನು ಸಾಲದಂತೆ ಎಂಬ ಮಾತು ಬಂತು. ಅದರ ಮುಂದಿನ ವಾರ ಬಾರೆಹಣ್ಣು ಹುಳಿಯಂತೆ. ಅವಳು ಬಾರೆಹಣ್ಣು ಬಿಟ್ಟು, ಒಣಗಿಸಿಟ್ಟಿದ್ದ ಇಪ್ಪೆ ಹೂ ಹಾಕಿದಳು. "ಹೂವಿನ ಒಗರು ನಾಲಗೆಗೆ ಹತ್ತಲಿಲ್ಲವಂತೆ," ಎಂದ ನರಿ, ಗಡ್ಡದ ಮೇಲಿದ್ದ ರೊಟ್ಟಿಯ ಚೂರು ನೆಕ್ಕಿಕೊಳ್ಳುತ್ತ.

ಹೀಗೆ ಚಳಿಗಾಲ ಹೋಯಿತು. ಕೆಂಚವ್ವ ಈಗಲೂ ಅದೇ ಹೊತ್ತಿಗೆ ಏಳುತ್ತಿದ್ದಳು. ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಕೆಳಗೆ ತರಗೆಲೆ ಸರಿದರೆ ಕಿವಿ ನೆಟ್ಟಗಾಗುತ್ತಿತ್ತು. ಗಾಳಿ ಎಂದು ತಿಳಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದಳು. ಕೆಲವು ದಿನ ತನಗಾಗಿ ಒಂದೇ ಒಂದು ರೊಟ್ಟಿ ತಟ್ಟಿಕೊಂಡಳು. ಅದೇ ಹಣ್ಣು, ಅದೇ ಜೇನು, ಅದೇ ಬಂಡೆ. ಆದರೆ ಎರಡು ತುತ್ತಿಗೆ ಸಾಕೆನಿಸಿತು. ರೊಟ್ಟಿ ತಿನ್ನುವುದಕ್ಕಿಂತ, ತಿನ್ನುವವರ ಮುಖ ನೋಡುವುದೇ ತನಗೆ ಊಟವಾಗಿತ್ತು ಎಂದು ಅವಳಿಗೆ ಆಗ ತಿಳಿಯಿತು.

ಬೇಸಿಗೆ ಮುಗಿಯುತ್ತ ಬಂದಾಗ ಗಾದ್ರಜ್ಜ ಬಂದ. ಏದುಸಿರು ಬಿಡುತ್ತ ಬಂಡೆಯ ತುದಿಯಲ್ಲಿ ಕೂತ. ಮೈ ಒಣಗಿ ಬೆನ್ನುಮೂಳೆ ಕಾಣುತ್ತಿತ್ತು.

"ಒಂದು ಚೂರು ಇದ್ದರೆ ಕೊಡವ್ವ. ಬಾಯಿಗೆ ಬೇರೆ ಏನೂ ಸೇರ್ತಿಲ್ಲ."

ಒಳಗೆ ಸಭೆಗೆಂದು ತುಂಬಿಸಿಟ್ಟ ಬುಟ್ಟಿ ಇತ್ತು. ಕೆಂಚವ್ವ ಒಳಗೆ ಹೋದಳು, ಬುಟ್ಟಿಯ ಎಲೆ ಸರಿಸಿದಳು, ಮತ್ತೆ ಮುಚ್ಚಿದಳು. ಒಂದು ಚೂರು ಕೊಟ್ಟರೆ ಇಷ್ಟು ದಿನ ಕಾದದ್ದೆಲ್ಲ ನೀರುಪಾಲು. ಹೊರಗೆ ಬಂದು ನೆಲ ನೋಡುತ್ತ ಹೇಳಿದಳು:

"ಇನ್ನೊಂದೇ ವಾರ ಅಜ್ಜ. ಈ ಸಲ ಒಪ್ಪಿಗೆ ಆಗೇ ಆಗುತ್ತೆ ಅಂತ ನಾಜೂಕಯ್ಯ ಅಂದಿದ್ದಾನೆ. ಮೊದಲ ರೊಟ್ಟಿ ನಿನಗೇ."

"ಆಗಲಿ ತಾಯಿ," ಎಂದ ಗಾದ್ರಜ್ಜ. ಎದ್ದು ಹೋಗುವ ಮುಂಚೆ, ರೊಟ್ಟಿ ಕಾಯುತ್ತಿದ್ದ ಬಂಡೆಯನ್ನು ಒಮ್ಮೆ ಬೆರಳಿಂದ ಸವರಿ, ಆ ಬೆರಳು ಚೀಪಿದ. ಅದನ್ನು ಕೆಂಚವ್ವ ನೋಡಿದಳು.

ಆ ವಾರವೂ ಒಪ್ಪಿಗೆ ಬರಲಿಲ್ಲ. ಅದರ ಮುಂದಿನ ವಾರ ಸೂಜವ್ವ ಬಂದಳು, ಬರಿಗೈಯಲ್ಲಿ. "ಗಾದ್ರಜ್ಜ ಹೋಗಿಬಿಟ್ಟ ಕಣೇ. ನಿನ್ನೆ ಮಧ್ಯಾಹ್ನ, ಅತ್ತಿಮರದ ಕೆಳಗೆ." ಇಬ್ಬರೂ ಬಾಗಿಲಲ್ಲಿ ಕೂತರು.

ಇದಾಗಿ ಕೆಲವು ದಿನಕ್ಕೆ, ಬಯಲಿನ ಕಡೆಯಿಂದ ಒಂದು ಹೆಣ್ಣು ಚಿಗರೆ ಜಿಂಕೆ ದಾರಿತಪ್ಪಿ ಗುಡ್ಡ ಹತ್ತಿ ಬಂತು. ಕೆಂಚವ್ವ ಅದಕ್ಕೆ ನೀರು ತೋರಿಸಿದಳು. ನೀರು ಕುಡಿದು ಚಿಗರೆ ಮೂಗು ಅರಳಿಸಿತು.

"ಈ ಘಮ ನನಗೆ ಗೊತ್ತಲ್ಲ! ಕೆರೆ ದಂಡೆಯ ಆಲದ ಕೆಳಗೆ ನಾಜೂಕಯ್ಯನ ಅಂಗಡಿ ಇದೆಯಲ್ಲ, ಅಲ್ಲಿನ ರೊಟ್ಟಿ ಘಮ."

"ಯಾರ ಅಂಗಡಿ?"

"ನರಿಯದು. ವಾರಕ್ಕೊಂದು ದಿನ 'ನಮ್ಮ ಮನೆಯ ಬೇಲದ ರೊಟ್ಟಿ' ಅಂತ ಕೂಗಿ ಮಾರ್ತಾನೆ. ಮುತ್ತುಗದ ಎಲೆ ಮುಚ್ಚಿದ ಬುಟ್ಟಿ. ಬೆಳಿಗ್ಗೆಯಿಂದ ಸಾಲು ನಿಂತಿರುತ್ತೆ. ಮೊದಲು ಬಾರೆಹಣ್ಣು ಹಾಕ್ತಿದ್ದ. ಆಮೇಲೆ ಇಪ್ಪೆ ಹೂ ಹಾಕಿದ. ಅದಂತೂ, ಆಹಾ! ನಮ್ಮ ಹಿಂಡಿನವರು ಅದಕ್ಕೋಸ್ಕರ ಕೆರೆ ಸುತ್ತಿ ಬರ್ತಾರೆ."

ಕೆಂಚವ್ವ ಗವಿಯ ಗೋಡೆಗೆ ಒರಗಿದಳು. ಕೋಪ ಬರಬೇಕಿತ್ತು. ಮೊದಲು ಬಂದದ್ದು ಕೋಪವಲ್ಲ. "ತಿಂದರಾ? ಇಷ್ಟಪಟ್ಟು ತಿಂದರಾ?" ಎಂದು ಕೇಳಿದಳು. ಚಿಗರೆ ಹೌದೆಂದು ತಲೆಯಾಡಿಸಿತು. ಆಮೇಲೆ ಗಾದ್ರಜ್ಜ ಬೆರಳು ಚೀಪಿದ್ದು ಕಣ್ಮುಂದೆ ಬಂತು. ಆಗ ಕೋಪ ಬಂತು.

ಮರುದಿನ ಅವಳು ಒಂದು ಬುಟ್ಟಿ ರೊಟ್ಟಿ ಹೊತ್ತು, ರಾತ್ರಿ ಗವಿಯಲ್ಲೇ ಉಳಿದಿದ್ದ ಚಿಗರೆಯ ಜೊತೆ ಗುಡ್ಡ ಇಳಿದಳು. ಬಂಡೆಗಳು ಮುಗಿದು ಬಯಲು ಶುರುವಾದಲ್ಲಿ ಕಾಲು ತಡೆಯಿತು. ಮೇಲೆ ಬರೀ ಆಕಾಶ. ಅವಳು ಬುಟ್ಟಿಯನ್ನು ಎದೆಗೆ ಅವುಚಿಕೊಂಡು, ಚಿಗರೆಯ ಬೆನ್ನನ್ನೇ ನೋಡುತ್ತ ನಡೆದಳು.

ಕೆರೆಯಲ್ಲಿ ದೊಡ್ಡವ್ವ ಮೈಗೆ ಕೆಸರು ಎರಚಿಕೊಳ್ಳುತ್ತಿದ್ದಳು. ಕೆಂಚವ್ವ ದೂರದಲ್ಲೇ ನಿಂತು, "ಅವ್ವಾ, ಎಂಟು ತಿಂಗಳಿಂದ ಮಾದರಿ ಕಳಿಸ್ತಿದ್ದೇನೆ. ನನ್ನ ಅರ್ಜಿ ಏನಾಯ್ತು?" ಎಂದಳು.

"ಯಾವ ಮಾದರಿ? ಯಾವ ಅರ್ಜಿ?" ದೊಡ್ಡವ್ವ ಸೊಂಡಿಲು ಇಳಿಸಿದಳು. "ಗುಡ್ಡದಿಂದ ಒಂದು ಅರ್ಜಿಯೂ ಬಂದಿಲ್ಲ. ಮಾದರಿ ಕೊಡಬೇಕು ಅಂತ ನಿಯಮವೇ ಇಲ್ಲ. ನೀರು ಶುದ್ಧ ಇರಬೇಕು, ಅಡುಗೆ ಹಳಸಿರಬಾರದು, ನಾವು ಬಂದಾಗ ನೋಡಲಿಕ್ಕೆ ಬಾಗಿಲು ತೆರೆದಿರಬೇಕು. ಇಷ್ಟೇ ನಾನು ಹೇಳಿದ್ದು."

ಕೆಂಚವ್ವ ಬುಟ್ಟಿಯ ಎಲೆ ಸರಿಸಿದಳು. ಸುತ್ತಲಿದ್ದವರೆಲ್ಲ ಕತ್ತು ಚಾಚಿದರು. "ಇದು ನಾಜೂಕಯ್ಯನ ರೊಟ್ಟಿಯಲ್ಲವೇ?" ಎಂದು ಒಂದು ಕಾಡುಕೋಳಿ ಕೂಗಿತು.

ನಾಜೂಕಯ್ಯನನ್ನು ಕರೆಸಿದರು. ಅವನು ಬಂದವನೇ ನಕ್ಕ. "ಈಕೆ ಯಾರೋ ನನಗೆ ಗೊತ್ತಿಲ್ಲ ಅವ್ವ. ರೊಟ್ಟಿ ನನ್ನದು, ನನ್ನ ಬಿಲದಲ್ಲೇ ಮಾಡಿದ್ದು. ಪರವಾನಗಿ ನೀನೇ ಕೊಟ್ಟಿದ್ದೀಯಲ್ಲ."

"ಕೊಟ್ಟಿದ್ದೇನೆ," ಎಂದಳು ದೊಡ್ಡವ್ವ. "ನಿನ್ನ ಮಾತು ನಂಬಿ, ಬಿಲಕ್ಕೆ ಬಂದು ನೋಡದೆ ಕೊಟ್ಟೆ. ಅದು ನನ್ನ ತಪ್ಪು. ಈಗ ನೋಡ್ತೇನೆ. ಎಲ್ಲರ ಎದುರಿಗೆ ಒಂದು ರೊಟ್ಟಿ ತಟ್ಟು."

"ಜೇನಿಲ್ಲ ಅವ್ವ, ನಾಳೆ..."

"ನಿನ್ನ ಅಂಗಡಿಯ ಆಲದ ಮರದಲ್ಲೇ ಜೇನುಹುಟ್ಟು ತೂಗ್ತಿದೆ. ವಾರ ವಾರ ಜೇನು ಬಿಡಿಸುವವನಿಗೆ ಇದೇನು ಹೊಸದೇ?"

ಎಲ್ಲರ ಕಣ್ಣೂ ನರಿಯ ಮೇಲಿತ್ತು. ಅವನು ಬಾಗಿದ ಕೊಂಬೆಯ ಹತ್ತಿರ ಹೋದ. ಬಂದ. ಮತ್ತೆ ಹೋದ. ಕಣ್ಣು ಮುಚ್ಚಿ ಒಂದು ಕೋಲಿನಿಂದ ಹುಟ್ಟಿಗೆ ತಿವಿದ. ಜೇನ್ನೊಣಗಳು ಭರ್ರೆಂದು ಎದ್ದು ಅವನ ಮೂಗು, ಕಿವಿ, ಬಾಲದ ಬುಡ ಒಂದನ್ನೂ ಬಿಡಲಿಲ್ಲ. ಅವನು ಕೂಗುತ್ತ ಕೆರೆಗೆ ಬಿದ್ದ. ತಲೆ ಎತ್ತಿದಾಗ ಮುಖ ಬೇಲದ ಹಣ್ಣಿನ ಹಾಗೆ ದುಂಡಗಾಗಿತ್ತು.

"ನಾನಲ್ಲ! ನಾನು ಮಾಡಿದ್ದಲ್ಲ! ಆ ಕರಡಿಯದು, ಎಲ್ಲಾ ಆ ಕರಡಿಯದು!" ಎಂದು ಅವನು ಗೋಳಾಡಿದ.

"ಈಕೆ ಯಾರೋ ಗೊತ್ತಿಲ್ಲ ಅಂದಿದ್ದೆ," ಎಂದಳು ದೊಡ್ಡವ್ವ.

ನಾಜೂಕಯ್ಯನ ಅಂಗಡಿ ಅಂದೇ ಮುಚ್ಚಿತು. ಅರ್ಜಿ ತರುವ ಕೆಲಸವನ್ನೂ ಅವನಿಂದ ಕಿತ್ತುಕೊಂಡರು. ಮುಂದೆ ಅವನು ಎಲ್ಲಿ ಕಂಡರೂ ಅಳಿಲುಗಳು ಮರದ ಮೇಲಿನಿಂದ, "ನಾಜೂಕಯ್ಯ, ಈ ವಾರದ ಮಾದರಿ ಎಲ್ಲಿ?" ಎಂದು ಕೇಳುತ್ತಿದ್ದವು. ಕಡೆಗೆ ಅವನು ಆ ಕಾಡನ್ನೇ ಬಿಟ್ಟುಹೋದ.

ದೊಡ್ಡವ್ವ ತಾನೇ ಗುಡ್ಡ ಹತ್ತಿ ಬಂದಳು. ಗವಿಯೊಳಗೆ ಸೊಂಡಿಲು ಹಾಕಿ ಮೂಲೆ ಮೂಲೆ ಮೂಸಿದಳು. ಹಣ್ಣು ನೋಡಿದಳು, ಜೇನು ನೋಡಿದಳು. ನೀರಿನ ಗುಂಡಿಯ ಹತ್ತಿರ ನಿಂತಳು.

"ಇದು ತೆರೆದೇ ಇದೆಯಲ್ಲ. ಕಸ ಬಿದ್ದರೆ? ಹುಳ ಬಿದ್ದರೆ?"

ಕೆಂಚವ್ವ ನಾಚಿಕೊಂಡಳು. ಅಷ್ಟು ವರ್ಷ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಆಗಿಂದಾಗ ಒಂದು ಚಪ್ಪಡಿ ಉರುಳಿಸಿ ತಂದು ಗುಂಡಿಗೆ ಮುಚ್ಚಿದಳು. ದೊಡ್ಡವ್ವ ಬಾಗಿಲ ಮುಂದಿನ ಹಸಿ ಮಣ್ಣಿನಲ್ಲಿ ಕಾಲೂರಿ ತನ್ನ ಹೆಜ್ಜೆಯ ಗುರುತು ಒತ್ತಿದಳು. ಅದೇ ಪರವಾನಗಿ. ಎಂಟು ತಿಂಗಳು ಕಾದದ್ದು ಕಣ್ಣು ಮಿಟುಕಿಸುವುದರೊಳಗೆ ಆಗಿಹೋಯಿತು. ಕೆಂಚವ್ವ ಆ ಗುರುತನ್ನು ನೋಡುತ್ತ, "ಇಷ್ಟೇನಾ?" ಎಂದಳು. "ಅವತ್ತೇ ಇಳಿದು ಬಂದು ಕೇಳಿದ್ದರೆ ಅಜ್ಜನಿಗೆ ಒಂದು ರೊಟ್ಟಿ ಸಿಗ್ತಿತ್ತು."

ದೊಡ್ಡವ್ವ ಸೊಂಡಿಲಿನಿಂದ ಅವಳ ಬೆನ್ನು ಸವರಿದಳು.

ಮರುದಿನ ಕೆಂಚವ್ವ ಸೂರ್ಯ ಹುಟ್ಟುವ ಮೊದಲೇ ತಿರುಳು ನಾದಿ ಕೂತಳು. ಬಂಡೆ ಇನ್ನೂ ತಣ್ಣಗಿತ್ತು. ಬಿಸಿಲು ನಿಧಾನಕ್ಕೆ ಇಳಿಜಾರು ಹತ್ತಿತು. ರೊಟ್ಟಿ ಕೆಂಪಗಾಯಿತು. ಸೂಜವ್ವ ಬಂದಳು, ನವಿಲುಗಳು ಬಂದವು. ಅವರ ಹಿಂದೆ ಇನ್ನೂ ಯಾರೋ ಹತ್ತಿ ಬರುತ್ತಿದ್ದರು. ಕಾಡುಕೋಳಿಗಳು, ಒಂದು ಉಡ, ಚಿಗರೆಗಳ ಹಿಂಡೇ ಹಿಂಡು. ಅವಳು ಕಂಡರಿಯದ ಮುಖಗಳು. ಬಂಡೆ ಹತ್ತಿ ಅಭ್ಯಾಸವಿಲ್ಲದೆ ಎಲ್ಲರೂ ತೇಕುತ್ತಿದ್ದರು.

ಮುಂದಿದ್ದ ಚಿಗರೆ ಹೇಳಿತು: "ಎಂಟು ತಿಂಗಳು ನಿನ್ನ ರೊಟ್ಟಿ ತಿಂದೆವು ಕೆಂಚವ್ವ. ನೀನು ಯಾರು ಅಂತ ಗೊತ್ತಿರಲಿಲ್ಲ. ನೋಡಿಕೊಂಡು ಹೋಗೋಣ ಅಂತ ಬಂದೆವು."

ಕೆಂಚವ್ವ ಕೈಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ನೆಲಕ್ಕೆ ಹಾಸಿದಳು.

"ಕೂತ್ಕೊಳ್ಳಿ," ಎಂದಳು ಕಡೆಗೆ. "ಇಷ್ಟು ಜನಕ್ಕೆ ಇದು ಸಾಲದು. ಇನ್ನೊಂದು ಸುತ್ತು ತಟ್ಟುತ್ತೇನೆ."

ನೀತಿ: ನಿಯಮ ಇರುವುದು ತಿನ್ನುವವರನ್ನು ಕಾಯಲಿಕ್ಕೆ, ಅದರ ಹೆಸರು ಹೇಳಿ ಇನ್ನೊಬ್ಬರ ದುಡಿಮೆಯನ್ನು ನುಂಗುವವನು ಒಂದು ದಿನ ಸಿಕ್ಕಿಬೀಳುತ್ತಾನೆ. ಆದ್ದರಿಂದ ನಿಯಮವನ್ನು ನಡುವಿನವನ ಬಾಯಿಂದ ಕೇಳಿ ಸುಮ್ಮನಾಗದೆ, ನೇರವಾಗಿ ಹೋಗಿ ಕೇಳಿ ತಿಳಿಯಬೇಕು.