ಎಮ್ಮೆ ಏಳದೆ ಬಾತು ಬಾರದು

ಕಾಲು ಮಡಚಿ ಕೂತಿರಾ? ಪಕ್ಕದವರಿಗೆ ಜಾಗ ಬಿಟ್ಟಿರಾ? ಸರಿ, ಹೇಳುತ್ತೇನೆ.

ಕಾವೇರಿ ಹೊಳೆ ದಂಡೆಯಲ್ಲಿ ಒಂದು ಊರು. ಆ ಊರಲ್ಲಿ ಚುಕ್ಕಿ ಅಂತ ಒಬ್ಬಳು ಹುಡುಗಿ. ಚುಕ್ಕಿಗೆ ಒಂದು ಮರದ ಬಾತು. ಅಂಗೈ ಅಗಲದ ಬಾತು. ಹಳದಿ ಬಾತು. ಕೆಂಪು ಕೊಕ್ಕಿನ ಬಾತು. ದಾರ ಹಿಡಿದು ಎಳೆದರೆ ಟಕ ಟಕ ಅಂತ ಹಿಂದೆಯೇ ಬರುವ ಬಾತು. ಚುಕ್ಕಿ ಉಂಡರೆ ಬಾತು ತಟ್ಟೆ ಪಕ್ಕ. ಚುಕ್ಕಿ ಮಲಗಿದರೆ ಬಾತು ದಿಂಬಿನ ಪಕ್ಕ.

ಒಂದು ದಿನ ಬೆಳಿಗ್ಗೆ ಚುಕ್ಕಿ ಎದ್ದಳು. ದಿಂಬಿನ ಪಕ್ಕ ಬಾತು ಇಲ್ಲ.

ಮಂಚದ ಕೆಳಗೆ ನೋಡಿದಳು. ಇಲ್ಲ. ಬಾಗಿಲ ಹಿಂದೆ ನೋಡಿದಳು. ಇಲ್ಲ. ಬಕೆಟ್ಟಿನೊಳಗೆ ನೋಡಿದಳು. ಅಲ್ಲೂ ಇಲ್ಲ. ಅಡುಗೆ ಮನೆಯಲ್ಲಿ ಲೋಹಿತ ಚಿಕ್ಕಪ್ಪ ರೊಟ್ಟಿ ತಿನ್ನುತ್ತಿದ್ದ. ಸುಮ್ಮನೆ ತಿನ್ನುತ್ತಿದ್ದ. ಚಿಕ್ಕಪ್ಪ ಯಾವತ್ತೂ ಸುಮ್ಮನೆ ತಿನ್ನುವವನಲ್ಲ.

"ಚಿಕ್ಕಪ್ಪ, ನನ್ನ ಬಾತು ಎಲ್ಲಿ?"

ಚಿಕ್ಕಪ್ಪ ರೊಟ್ಟಿಯನ್ನು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

ಚಿಕ್ಕಪ್ಪನಿಗೆ ಒಂದು ಆಟ ಇತ್ತು. ಬಚ್ಚಿಟ್ಟ ಪೆಟ್ಟಿಗೆ ಹುಡುಕುವ ಆಟ. ಯಾರೋ ಎಲ್ಲೋ ಒಂದು ಪೆಟ್ಟಿಗೆ ಬಚ್ಚಿಡುತ್ತಾರೆ. ಫೋನಿನಲ್ಲಿ ಗುರುತು ಹಾಕುತ್ತಾರೆ. ಬೇಕಾದವರು ಹೋಗಿ ಹುಡುಕಬಹುದು. ಸಿಕ್ಕಿದರೆ ಒಂದು ಸಾಮಾನು ಇಡಬೇಕು, ಒಂದು ಸಾಮಾನು ತೆಗೆಯಬೇಕು. ಇಡದೆ ತೆಗೆಯುವ ಹಾಗಿಲ್ಲ. ಪೆಟ್ಟಿಗೆಯನ್ನು ಮತ್ತೆ ಅಲ್ಲೇ ಬಚ್ಚಿಟ್ಟು ಬರಬೇಕು.

ಅವತ್ತು ಬೆಳಗಿನ ಜಾವ ಚಿಕ್ಕಪ್ಪ ಹೊಳೆ ದಂಡೆಗೆ ಹೋಗಿದ್ದ. ಪೆಟ್ಟಿಗೆ ಸಿಕ್ಕಿತು. ಇಡಲು ಏನಿತ್ತು? ಹೊರಡುವಾಗ ಕೈಗೆ ಸಿಕ್ಕ ಚುಕ್ಕಿಯ ಬಾತು ಇತ್ತು. ಇಟ್ಟ. ತೆಗೆಯಲು ಏನಿತ್ತು? ಒಂದು ಚಾಕೊಲೇಟು ಇತ್ತು. ತೆಗೆದ. ಆ ಚಾಕೊಲೇಟು ಈಗ ಎಲ್ಲಿದೆ? ಚಿಕ್ಕಪ್ಪನ ಹೊಟ್ಟೆಯಲ್ಲಿದೆ.

ಚುಕ್ಕಿ ಅಳಲಿಲ್ಲ. ಅಳುವುದಕ್ಕೆ ಹೊತ್ತೇ ಇರಲಿಲ್ಲ. ಇವತ್ತು ಮೈಸೂರಿನಿಂದ ಒಂದು ಗುಂಪು ಬರುತ್ತದೆ ಅಂತ ಚಿಕ್ಕಪ್ಪನ ಫೋನು ಹೇಳುತ್ತಿತ್ತು. ಅವರು ಪೆಟ್ಟಿಗೆ ತೆರೆದರೆ? ಅಂಥ ಬಾತನ್ನು ಯಾರು ಬಿಟ್ಟಾರು?

ಚುಕ್ಕಿ ನೀಲಿ ಕಾಗದ ತೆಗೆದುಕೊಂಡಳು. ಮಡಚಿದಳು, ಕತ್ತರಿಸಿದಳು, ಒಂದು ಹೂವು ಮಾಡಿದಳು. ಹೂವು ಇಟ್ಟು ಬಾತು ತೆಗೆಯಬೇಕು. ಕಳೆದವನೇ ಕರೆದುಕೊಂಡು ಹೋಗಲಿ ಅಂತ ಅಮ್ಮ ಚಿಕ್ಕಪ್ಪನನ್ನೂ ರೊಟ್ಟಿಯ ಮುಂದಿನಿಂದ ಎಬ್ಬಿಸಿ ಕಳಿಸಿದಳು.

ಮುಂದೆ ಚುಕ್ಕಿ. ಹಿಂದೆ ಚಿಕ್ಕಪ್ಪ. ಚಿಕ್ಕಪ್ಪನ ಮುಂದೆ ಫೋನು.

ಬೆಳಿಗ್ಗೆ ಹೋಗಿ ಬಂದ ಜಾಗ ಚಿಕ್ಕಪ್ಪನಿಗೆ ಆಗಲೇ ಮರೆತುಹೋಗಿತ್ತು. ಆಗ ಕತ್ತಲೆ ಇತ್ತು, ಈಗ ನೋಡಿದರೆ ಎಲ್ಲ ಮರವೂ ಮರದ ಹಾಗೇ ಇದೆ ಅಂದ. ಇಲ್ಲೇ ಎಲ್ಲೋ ಅನ್ನುತ್ತಿತ್ತು ಫೋನು. ಒಂದು ಒಗಟನ್ನೂ ತೋರಿಸುತ್ತಿತ್ತು. ಚಿಕ್ಕಪ್ಪ ಓದಿದ.

"ಹೊಳೆಗೆ ಕಾಲು ಇಳಿಬಿಟ್ಟು ಕೂತಿದ್ದೇನೆ. ನನ್ನ ಮಂಡಿಯ ಕೆಳಗೆ ನೋಡು."

ಚಿಕ್ಕಪ್ಪ ಆಕಾಶ ನೋಡಿದ. ಚುಕ್ಕಿ ಹೊಳೆ ನೋಡಿದಳು. ದಂಡೆಯಲ್ಲಿ ಒಂದು ದೊಡ್ಡ ಮತ್ತಿ ಮರ. ಅದರ ಬೇರು ನೀರಿಗೆ ಇಳಿದಿತ್ತು. ಒಂದು ಬೇರು ಮಂಡಿಯ ಹಾಗೆ ಮಡಚಿತ್ತು. ಮಂಡಿಯ ಕೆಳಗೆ ಒಂದು ಪೊಟರೆ. ಪೊಟರೆಯಲ್ಲಿ ಪೆಟ್ಟಿಗೆ.

ಆದರೆ ಪೊಟರೆಗೆ ಅಡ್ಡಲಾಗಿ ಒಂದು ಎಮ್ಮೆ ಮಲಗಿತ್ತು.

ದೊಡ್ಡ ಎಮ್ಮೆ. ಕಪ್ಪು ಎಮ್ಮೆ. ಕಪ್ಪು ಎಮ್ಮೆಯ ಹೆಸರು ಏನು ಗೊತ್ತೇ? ಮಲ್ಲಿಗೆ.

ಚುಕ್ಕಿ ಏಳು ಅಂದಳು. ಎಮ್ಮೆ ಒಂದು ಕಿವಿ ಆಡಿಸಿತು. ಚುಕ್ಕಿ ದೂಡಿದಳು. ಎಮ್ಮೆ ಇನ್ನೊಂದು ಕಿವಿ ಆಡಿಸಿತು. ಚಿಕ್ಕಪ್ಪ ದೂಡಿದ. ಎಮ್ಮೆ ನಿದ್ದೆ ಹೋಯಿತು.

ಎಮ್ಮೆ ಏಳದೆ ಪೆಟ್ಟಿಗೆ ಸಿಗದು. ಪೆಟ್ಟಿಗೆ ಸಿಗದೆ ಬಾತು ಬಾರದು.

ಚುಕ್ಕಿ ಎಮ್ಮೆಯ ಒಡತಿಯ ಹತ್ತಿರ ಹೋದಳು. ನಿಂಗಾಜಮ್ಮ ಅಂತ ಒಬ್ಬ ಅಜ್ಜಿ. ಮೆಟ್ಟಿಲ ಮೇಲೆ ಕೂತಿದ್ದಳು. ನಿಮ್ಮ ಎಮ್ಮೆ ಎಬ್ಬಿಸಿ ಅಜ್ಜಿ ಅಂತ ಚುಕ್ಕಿ ಕೇಳಿದಳು.

ಅಜ್ಜಿ ಆಗಲ್ಲ ಅಂತ ತಲೆ ಆಡಿಸಿದಳು. ಮಲ್ಲಿಗೆ ದೂಡಿದರೆ ಏಳುವುದಿಲ್ಲ, ಅಜ್ಜಿ ಕೂಗಿ ಕರೆದರೆ ಮಾತ್ರ ಏಳುತ್ತದೆ. ಆದರೆ ಅಜ್ಜಿ ನಿನ್ನೆ ಮೊಮ್ಮಗಳ ಮದುವೆಯಲ್ಲಿ ಸೋಬಾನೆ ಹಾಡಿದ್ದಳು. ಹಾಡಿ ಹಾಡಿ ಗಂಟಲು ಕಟ್ಟಿತ್ತು.

"ಒಂದು ಲೋಟ ಶುಂಠಿ ಟೀ ತಕ್ಕೊಂಡು ಬಾ ಮಗ," ಅಂದಳು ಪಿಸುಮಾತಿನಲ್ಲಿ.

ಟೀ ಇಲ್ಲದೆ ಅಜ್ಜಿ ಕರೆಯಳು. ಅಜ್ಜಿ ಕರೆಯದೆ ಎಮ್ಮೆ ಏಳದು. ಎಮ್ಮೆ ಏಳದೆ ಪೆಟ್ಟಿಗೆ ಸಿಗದು. ಪೆಟ್ಟಿಗೆ ಸಿಗದೆ ಬಾತು ಬಾರದು.

ಚುಕ್ಕಿ ಟೀ ಅಂಗಡಿ ಮಾದಪ್ಪನ ಹತ್ತಿರ ಹೋದಳು. ಒಂದು ಲೋಟ ಶುಂಠಿ ಟೀ ಬೇಕು ಅಂದಳು.

ಮಾದಪ್ಪ ಆಗಲ್ಲ ಅಂದ. ಗ್ಯಾಸು ಖಾಲಿ ಆಗಿತ್ತು. ಸೌದೆ ಒಲೆ ಇತ್ತು, ಒಲೆಗೆ ಸೌದೆ ಇರಲಿಲ್ಲ. ಶುಂಠಿ ಜಜ್ಜಿ ಇಟ್ಟುಕೊಂಡು ಕೂತಿದ್ದ, ಪಾಪ. ತೆಪ್ಪದ ಸಿದ್ದಯ್ಯನ ಹತ್ತಿರ ಸೌದೆ ಇದೆ, ತಂದರೆ ಟೀ ಕಾಯಿಸುತ್ತೇನೆ ಅಂದ.

ಸೌದೆ ಇಲ್ಲದೆ ಟೀ ಕಾಯದು. ಟೀ ಇಲ್ಲದೆ ಅಜ್ಜಿ ಕರೆಯಳು. ಅಜ್ಜಿ ಕರೆಯದೆ ಎಮ್ಮೆ ಏಳದು. ಎಮ್ಮೆ ಏಳದೆ ಪೆಟ್ಟಿಗೆ ಸಿಗದು. ಪೆಟ್ಟಿಗೆ ಸಿಗದೆ ಬಾತು ಬಾರದು.

ಚುಕ್ಕಿ ಸಿದ್ದಯ್ಯನ ಹತ್ತಿರ ಹೋದಳು. ಸಿದ್ದಯ್ಯ ತೆಪ್ಪದೊಳಗೆ ಕೂತಿದ್ದ. ತೆಪ್ಪ ದಡದಲ್ಲಿ ಕೂತಿತ್ತು. ಮಾದಪ್ಪನ ಒಲೆಗೆ ಸೌದೆ ಬೇಕು ಅಂದಳು ಚುಕ್ಕಿ.

"ಸೌದೆ ಐತೆ ಕಣವ್ವ," ಅಂದ ಸಿದ್ದಯ್ಯ. "ಸೌದೆ ಅಲ್ಲೈತೆ, ನಾನು ಇಲ್ಲಿವ್ನಿ."

ಸೌದೆ ಹೊಳೆ ನಡುವಿನ ಗಡ್ಡೆಯ ಮೇಲೆ ಒಣಗುತ್ತಿತ್ತು. ತೆಪ್ಪ ನಡೆಸಲು ಹುಟ್ಟು ಬೇಕು. ನೀರು ತಳ್ಳುವ ಆ ಹುಟ್ಟನ್ನು ಬಟ್ಟೆ ಒಗೆಯುವ ಚಿಕ್ಕತಾಯಮ್ಮ ತೆಗೆದುಕೊಂಡು ಹೋಗಿದ್ದಳು. ಈಗ ತರುತ್ತೇನೆ ಅಂದಿದ್ದಳಂತೆ. ಆ ಈಗ ಇನ್ನೂ ಬಂದಿರಲಿಲ್ಲ.

ಹುಟ್ಟು ಇಲ್ಲದೆ ಸೌದೆ ಬಾರದು. ಸೌದೆ ಇಲ್ಲದೆ ಟೀ ಕಾಯದು. ಟೀ ಇಲ್ಲದೆ ಅಜ್ಜಿ ಕರೆಯಳು. ಅಜ್ಜಿ ಕರೆಯದೆ ಎಮ್ಮೆ ಏಳದು. ಎಮ್ಮೆ ಏಳದೆ ಪೆಟ್ಟಿಗೆ ಸಿಗದು. ಪೆಟ್ಟಿಗೆ ಸಿಗದೆ ಬಾತು ಬಾರದು.

ಚಿಕ್ಕಪ್ಪನಿಗೆ ಆಗಲೇ ಕಾಲು ನೋವು. ಒಂದು ಕಲ್ಲಿನ ಮೇಲೆ ಕೂತು, ಇನ್ನೊಂದು ಬಾತು ಕೊಡಿಸಲೇ ಅಂತ ಕೇಳಿದ. ಚುಕ್ಕಿ ತಿರುಗಿ ನೋಡಿದಳು. ಚಿಕ್ಕಪ್ಪ ಎದ್ದ.

ಚುಕ್ಕಿ ಚಿಕ್ಕತಾಯಮ್ಮನ ಹತ್ತಿರ ಹೋದಳು. ಸಿದ್ದಯ್ಯನ ಹುಟ್ಟು ಕೊಡಿ ಅಂದಳು.

ಚಿಕ್ಕತಾಯಮ್ಮ ಆಗಲ್ಲ ಅಂದಳು. ಹುಟ್ಟನ್ನು ಎರಡು ಬಂಡೆಯ ನಡುವೆ ಅಡ್ಡ ಇಟ್ಟು ಅದರ ಮೇಲೆ ಸೀರೆ ಹರವಿದ್ದಳು. ಹುಟ್ಟು ತೆಗೆದರೆ ಒಗೆದ ಸೀರೆ ಮಣ್ಣಿಗೆ ಬೀಳುತ್ತದೆ. ಬಟ್ಟೆ ಹರವುವ ಹಗ್ಗ ಎಲ್ಲಿ ಅಂತ ಚುಕ್ಕಿ ಕೇಳಿದಳು. ಚಿಕ್ಕತಾಯಮ್ಮ ಬೆರಳು ತೋರಿಸಿದಳು.

ದಿಬ್ಬದ ಮೇಲೆ ಒಂದು ಮೇಕೆ ನಿಂತಿತ್ತು. ಮೇಕೆಯ ಬಾಯಲ್ಲಿ ಹಗ್ಗ ಇತ್ತು.

ಹಗ್ಗ ಇಲ್ಲದೆ ಹುಟ್ಟು ಸಿಗದು. ಹುಟ್ಟು ಇಲ್ಲದೆ ಸೌದೆ ಬಾರದು. ಸೌದೆ ಇಲ್ಲದೆ ಟೀ ಕಾಯದು. ಟೀ ಇಲ್ಲದೆ ಅಜ್ಜಿ ಕರೆಯಳು. ಅಜ್ಜಿ ಕರೆಯದೆ ಎಮ್ಮೆ ಏಳದು. ಎಮ್ಮೆ ಏಳದೆ ಪೆಟ್ಟಿಗೆ ಸಿಗದು. ಪೆಟ್ಟಿಗೆ ಸಿಗದೆ ಬಾತು ಬಾರದು.

ಚುಕ್ಕಿ ಮೇಕೆಯ ಹತ್ತಿರ ಹೋದಳು. ಮೇಕೆ ದೂರ ಹೋಯಿತು. ಚುಕ್ಕಿ ನಿಂತಳು. ಮೇಕೆ ನಿಂತಿತು. ಚಿಕ್ಕಪ್ಪ ಹಿಂದಿನಿಂದ ಮೆಲ್ಲಗೆ ಹೋಗಿ ಹಗ್ಗಕ್ಕೆ ಕೈ ಹಾಕಿದ. ಮೇಕೆ ಎಳೆಯಿತು. ಚಿಕ್ಕಪ್ಪ ಧೊಪ್ಪನೆ ಕೂತ. ಹಗ್ಗ ಮೇಕೆಯ ಬಾಯಲ್ಲೇ ಇತ್ತು.

ಮೇಕೆ ಚಿಕ್ಕಪ್ಪನನ್ನು ನೋಡುತ್ತಿರಲಿಲ್ಲ. ಚುಕ್ಕಿಯ ಕೈ ನೋಡುತ್ತಿತ್ತು. ಚುಕ್ಕಿಯ ಕೈಯಲ್ಲಿ ನೀಲಿ ಕಾಗದದ ಹೂವು.

ಚುಕ್ಕಿ ಹೂವನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಮೇಕೆ ಬೆನ್ನ ಹಿಂದೆ ಬಂತು. ಚುಕ್ಕಿ ಹೂವನ್ನು ಎತ್ತಿ ಹಿಡಿದಳು. ಮೇಕೆ ಮುಂಗಾಲು ಎತ್ತಿ ನಿಂತಿತು.

ಮೇಕೆ ಬಿಡದೆ ಹಗ್ಗ ಸಿಗದು. ಹಗ್ಗ ಇಲ್ಲದೆ ಹುಟ್ಟು ಸಿಗದು. ಹುಟ್ಟು ಇಲ್ಲದೆ ಸೌದೆ ಬಾರದು. ಸೌದೆ ಇಲ್ಲದೆ ಟೀ ಕಾಯದು. ಟೀ ಇಲ್ಲದೆ ಅಜ್ಜಿ ಕರೆಯಳು. ಅಜ್ಜಿ ಕರೆಯದೆ ಎಮ್ಮೆ ಏಳದು. ಎಮ್ಮೆ ಏಳದೆ ಪೆಟ್ಟಿಗೆ ಸಿಗದು. ಪೆಟ್ಟಿಗೆ ಸಿಗದೆ ಬಾತು ಬಾರದು.

ಹೂವು ಕೊಟ್ಟರೆ ಪೆಟ್ಟಿಗೆಯಲ್ಲಿ ಇಡಲು ಏನೂ ಇಲ್ಲ. ಕೊಡದಿದ್ದರೆ ಪೆಟ್ಟಿಗೆಯೇ ಇಲ್ಲ. ಚುಕ್ಕಿ ಹೂವನ್ನು ಒಮ್ಮೆ ನೋಡಿದಳು. ಚಂದದ ಹೂವು. ತಾನೇ ಮಾಡಿದ ಹೂವು. ಆಮೇಲೆ ಕೈ ಚಾಚಿದಳು.

ಮೇಕೆ ಬಾಯಿ ತೆರೆಯಿತು. ಹಗ್ಗ ಬಿತ್ತು. ಹೂವು ಹೋಯಿತು.

ಚುಕ್ಕಿ ಹಗ್ಗ ಹಿಡಿದು ಓಡಿದಳು.

ಮೇಕೆ ಬಿಟ್ಟಿತು, ಹಗ್ಗ ಸಿಕ್ಕಿತು. ಚಿಕ್ಕತಾಯಮ್ಮ ಹಗ್ಗ ಕಟ್ಟಿದಳು, ಸೀರೆ ಹರವಿದಳು, ಹುಟ್ಟು ಕೊಟ್ಟಳು.

ಹಗ್ಗ ಸಿಕ್ಕಿತು, ಹುಟ್ಟು ಬಂತು. ಸಿದ್ದಯ್ಯ ಹುಟ್ಟು ಹಾಕಿದ. ತೆಪ್ಪ ಗಿರ್ರನೆ ತಿರುಗಿತು, ಗಡ್ಡೆಗೆ ಹೋಯಿತು, ಸೌದೆ ಹೊತ್ತು ಬಂತು. ಸೌದೆ ಹೊರೆ ಚಿಕ್ಕಪ್ಪನ ತಲೆಯ ಮೇಲೆ ಕೂತಿತು.

ಹುಟ್ಟು ಬಂತು, ಸೌದೆ ಬಂತು. ಮಾದಪ್ಪ ಒಲೆ ಹಚ್ಚಿದ, ಶುಂಠಿ ಹಾಕಿದ, ಟೀ ಕುದಿಸಿದ.

ಸೌದೆ ಬಂತು, ಟೀ ಕಾಯಿತು. ನಿಂಗಾಜಮ್ಮ ಊದಿ ಊದಿ ಕುಡಿದಳು. ಲೋಟ ಕೆಳಗಿಟ್ಟಳು. ಗಂಟಲು ಸರಿ ಮಾಡಿಕೊಂಡಳು. ಎದ್ದು ನಿಂತು ಕೂಗಿದಳು.

"ಮಲ್ಲಿಗೇ... ಬಾರೇ ನನ್ನ ತಾಯೀ..."

ಆಚೆ ದಡದ ಕೊಕ್ಕರೆಗಳು ಹಾರಿಹೋದವು. ಚಿಕ್ಕಪ್ಪನ ಫೋನು ಕೈಯಿಂದ ಜಾರಿತು. ಮಲ್ಲಿಗೆ ಕಣ್ಣು ತೆರೆಯಿತು. ಹಿಂಗಾಲು ಎತ್ತಿತು. ಮುಂಗಾಲು ಎತ್ತಿತು. ಮೈ ಒದರಿತು. ಬಾಲ ಬೀಸಿಕೊಂಡು ಅಜ್ಜಿಯ ಕಡೆ ನಡೆಯಿತು.

ಟೀ ಬಂತು, ಅಜ್ಜಿ ಕರೆದಳು. ಅಜ್ಜಿ ಕರೆದಳು, ಎಮ್ಮೆ ಎದ್ದಿತು. ಎಮ್ಮೆ ಎದ್ದಿತು, ಪೆಟ್ಟಿಗೆ ಸಿಕ್ಕಿತು.

ಚುಕ್ಕಿ ಬೇರಿನ ಮಂಡಿಯ ಕೆಳಗೆ ಕೈ ಹಾಕಿದಳು. ಸ್ಟೀಲಿನ ಪೆಟ್ಟಿಗೆ. ಮುಚ್ಚಳ ತೆರೆದಳು. ಒಂದು ಗೋಲಿ, ಒಂದು ಗುಂಡಿ, ಒಂದು ಶಂಖ. ಶಂಖದ ಕೆಳಗೆ ಕೆಂಪು ಕೊಕ್ಕು. ಕೊಕ್ಕಿನ ಹಿಂದೆ ಬಾತು.

ಚುಕ್ಕಿ ಬಾತನ್ನು ಮುಟ್ಟಿದಳು. ಎತ್ತಲಿಲ್ಲ. ಇಡದೆ ತೆಗೆಯುವ ಹಾಗಿಲ್ಲವಲ್ಲ.

ಚುಕ್ಕಿ ಚಿಕ್ಕಪ್ಪನ ಕಡೆ ತಿರುಗಿದಳು. ಚಿಕ್ಕಪ್ಪ ಜೇಬು ತಡವಿದ. ಒಂದು ಜೇಬಿನಲ್ಲಿ ಮನೆ ಕೀಲಿ. ಅದನ್ನು ಇಟ್ಟರೆ ಅಮ್ಮ ಮನೆಗೇ ಸೇರಿಸಳು. ಇನ್ನೊಂದು ಜೇಬಿನಲ್ಲಿ ಒಂದು ಬಾಚಣಿಗೆ. ಕರಿ ಬಾಚಣಿಗೆ. ಚಿಕ್ಕಪ್ಪ ಕನ್ನಡಿ ಕಂಡಲ್ಲೆಲ್ಲ ನಿಂತು ಬಾಚಿಕೊಳ್ಳುವ ಬಾಚಣಿಗೆ. ಅದನ್ನು ಬೇಗ ಜೇಬಿಗೆ ತುರುಕಿದ. ಚುಕ್ಕಿ ನೋಡಿಬಿಟ್ಟಿದ್ದಳು. ಕೈ ಚಾಚಿದಳು.

"ನನ್ನ ಕೂದಲು?" ಅಂದ ಚಿಕ್ಕಪ್ಪ.

"ನನ್ನ ಬಾತು?" ಅಂದಳು ಚುಕ್ಕಿ.

ಚಿಕ್ಕಪ್ಪ ಕೊನೆಯದಾಗಿ ಒಂದು ಸಲ ತಲೆ ಬಾಚಿಕೊಂಡ. ಬಾಚಣಿಗೆ ಒರೆಸಿ ಪೆಟ್ಟಿಗೆಯೊಳಗೆ ಇಟ್ಟ. ಚುಕ್ಕಿ ಬಾತನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಬೇರಿನ ಮಂಡಿಯ ಕೆಳಗೆ ಬಚ್ಚಿಟ್ಟಳು.

ಮೇಕೆ ಬಿಟ್ಟಿತು, ಹಗ್ಗ ಸಿಕ್ಕಿತು. ಹಗ್ಗ ಸಿಕ್ಕಿತು, ಹುಟ್ಟು ಬಂತು. ಹುಟ್ಟು ಬಂತು, ಸೌದೆ ಬಂತು. ಸೌದೆ ಬಂತು, ಟೀ ಕಾಯಿತು. ಟೀ ಬಂತು, ಅಜ್ಜಿ ಕರೆದಳು. ಅಜ್ಜಿ ಕರೆದಳು, ಎಮ್ಮೆ ಎದ್ದಿತು. ಎಮ್ಮೆ ಎದ್ದಿತು, ಪೆಟ್ಟಿಗೆ ಸಿಕ್ಕಿತು. ಪೆಟ್ಟಿಗೆ ಸಿಕ್ಕಿತು, ಬಾತು ಬಂತು.

ದಾರಿಯಲ್ಲಿ ಮೈಸೂರಿನ ಗುಂಪು ಎದುರಾಯಿತು. ಎಲ್ಲರೂ ಫೋನು ನೋಡಿಕೊಂಡು ಬರುತ್ತಿದ್ದರು. ಚುಕ್ಕಿ ಬಾತನ್ನು ಲಂಗದ ಮರೆಗೆ ಎಳೆದುಕೊಂಡಳು. ಅವರು ಹೋದ ಮೇಲೆ ಕೆಳಗೆ ಬಿಟ್ಟಳು.

ಹೊಳೆ ಕಡೆಯಿಂದ ಗಾಳಿ ಬೀಸಿತು. ಚಿಕ್ಕಪ್ಪನ ಕೂದಲು ತೆಂಗಿನ ಗರಿಯ ಹಾಗೆ ಎದ್ದು ನಿಂತಿತು. ಕೈಯಿಂದ ಒತ್ತಿದ. ಮತ್ತೆ ಎದ್ದಿತು. ಮತ್ತೆ ಒತ್ತಿದ. ಮತ್ತೆ ಎದ್ದಿತು. ಊರ ಬಾಗಿಲಿನವರೆಗೂ ಒತ್ತಿಕೊಂಡೇ ನಡೆದ. ಚುಕ್ಕಿ ನಕ್ಕಳು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನೂ ನಕ್ಕ.

ಮುಂದೆ ಚುಕ್ಕಿ. ಅವಳ ಹಿಂದೆ ಬಾತು, ಟಕ ಟಕ ಟಕ. ಬಾತಿನ ಹಿಂದೆ ಚಿಕ್ಕಪ್ಪ.

ಅವರು ಮನೆ ಸೇರಿದರು. ಕತೆ ದಡ ಸೇರಿತು. ನೀವು ಹಾಸಿಗೆ ಸೇರಿ.