ಎಲೆಗೆ ಕೈ ಅಡ್ಡ ಹಿಡಿಯದ ಕಾವಲುಗಾರರು

"ಮೇಡಂ, ಹೃದಯದ ರಕ್ತನಾಳ ಮುಚ್ಚಿಹೋಗುವುದು ಯಾರ ತಪ್ಪಿನಿಂದ?" ಎಂದು ಚನ್ನವೀರ ಕೇಳಿದ.

ತರಗತಿ ಮುಗಿದಿತ್ತು. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ತುಂಗಾಬಾಯಿ ಮೇಡಂ ಸೂಕ್ಷ್ಮದರ್ಶಕಗಳಿಗೆ ಒಂದೊಂದಾಗಿ ಮುಸುಕು ಹಾಕುತ್ತಿದ್ದರು. ಆ ವೈದ್ಯಕೀಯ ಕಾಲೇಜಿನಲ್ಲಿ ಅವರು ರೋಗಶಾಸ್ತ್ರ ಕಲಿಸಲು ತೊಡಗಿ ಮೂವತ್ತು ವರ್ಷವಾಗಿತ್ತು. ಮುಸುಕು ಹಾಕುವ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಯಾರ ರಕ್ತನಾಳ?" ಎಂದರು.

"ಅಪ್ಪನದು."

ಚನ್ನವೀರನ ಅಪ್ಪ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ವಯಸ್ಸು ಐವತ್ತೊಂದು. ಹಿಂದಿನ ತಿಂಗಳು ತೆಗೆಸಿದ ಇಸಿಜಿಯಲ್ಲಿ ಏನೂ ಕಂಡಿರಲಿಲ್ಲ. ಮೂರು ಮಹಡಿ ಹತ್ತಿದರೂ ಏದುಸಿರು ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವರು ಮತ್ತೆ ಮೇಲೇಳಲಿಲ್ಲ.

"ನಿನಗೆ ಯಾರ ತಪ್ಪು ಅನ್ನಿಸುತ್ತದೆ?"

"ಅಜ್ಜಿಯದು. ಅಪ್ಪನ ತಾಯಿ. ರೊಟ್ಟಿಗೆ ಬೆಣ್ಣೆ, ದೋಸೆಗೆ ಬೆಣ್ಣೆ. ಅಪ್ಪ ಸಾಕು ಅಂತ ತಟ್ಟೆಗೆ ಕೈ ಅಡ್ಡ ಹಿಡಿದರೆ ಆ ಕೈ ಸರಿಸಿ ಹಾಕುತ್ತಿದ್ದಳು. ಹನ್ನೊಂದನೇ ದಿನ ಅಪ್ಪನ ಫೋಟೋ ಮುಂದೆ ಎಡೆ ಇಟ್ಟೆವು. ಅದರ ಮೇಲೂ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಇಟ್ಟಳು. ನನಗೆ ತಡೆಯಲಾಗಲಿಲ್ಲ."

"ಏನಂದೆ?"

"'ಇನ್ನೂ ಬಿಡಲ್ವಾ? ಈ ಬೆಣ್ಣೆನೇ ನಿನ್ನ ಮಗನ್ನ ತಿಂದದ್ದು' ಅಂದೆ. ನೆಂಟರೆಲ್ಲ ಕೂತಿದ್ದರು."

ಮೇಡಂ ಕೈಯಲ್ಲಿದ್ದ ಮುಸುಕನ್ನು ಮೇಜಿನ ಮೇಲಿಟ್ಟರು. "ಅಜ್ಜಿ ಏನಂದರು?"

"ಎಡೆಯಿಂದ ಬೆಣ್ಣೆ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ಕೂತಳು. ಅದು ಕರಗಿಹೋಯಿತು. ಆಮೇಲೆ ಅಡುಗೆಮನೆಗೆ ಕಾಲಿಟ್ಟಿಲ್ಲ. ಈಗ ಅಮ್ಮನೇ ಅಡುಗೆ ಮಾಡುತ್ತಾಳೆ. ನಾನು ಹೇಳಿದ್ದು ಸುಳ್ಳಾ ಮೇಡಂ? ಪುಸ್ತಕದಲ್ಲೂ ಅದೇ ಇದೆಯಲ್ಲ."

ಮೇಡಂ ಒಂದು ಸ್ಟೂಲನ್ನು ಅವನತ್ತ ಸರಿಸಿದರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ಮಾರ್ಕ್ಸಿನ ಆಸೆಗೆ ನಡುನಡುವೆ ಉತ್ತರ ಕೊಡಬೇಡ" ಎಂದರು. ಆಮೇಲೆ ಹೇಳತೊಡಗಿದರು.

ಒಂದು ಊರಿತ್ತು. ಊರಿಗೆ ಒಂದೇ ಕಾಲುವೆ. ಕಾಲುವೆಯ ಕೊನೆಯಲ್ಲಿ ಒಬ್ಬ ತೋಟಗಾರನ ಎಲೆಬಳ್ಳಿ ತೋಟ. ಎಲೆಬಳ್ಳಿಗೆ ಒಂದು ಹೊತ್ತು ನೀರು ತಪ್ಪಿದರೂ ಆಗದು.

ಒಂದು ಬೆಳಿಗ್ಗೆ ನೀರು ನಿಂತುಹೋಯಿತು. ಹಿಂದಿನ ದಿನ ಕಾಲುವೆ ತುಂಬಿ ಹರಿದಿತ್ತು. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಅರ್ಧ ತೋಟ ಬಾಡಿತು. ತೋಟಗಾರ ಕುಡುಗೋಲು ಹಿಡಿದು ಕಾಲುವೆಯ ದಂಡೆಗುಂಟ ಮೇಲಕ್ಕೆ ನಡೆದ. ನೀರು ಕಟ್ಟಿದವನನ್ನು ಕಡಿದೇ ಬರುವುದೆಂದು ನಿಶ್ಚಯಿಸಿದ್ದ.

ಕಾಲುವೆ ತಿರುಗುವ ಕಡೆ ನೀರಿಗೆ ಅಡ್ಡವಾಗಿ ಒಂದು ಕಟ್ಟೆ ಕಂಡಿತು. ಅದು ಮಣ್ಣಿನ ಕಟ್ಟೆಯಲ್ಲ. ಗೇಣುದ್ದದ ಆಳುಗಳು ನೂರಾರು ಜನ ಒಬ್ಬರ ಸೊಂಟವನ್ನೊಬ್ಬರು ಹಿಡಿದು, ಮೈಮೇಲೆ ಬಲೆ ಎಸೆದುಕೊಂಡು ನಿಂತಿದ್ದರು. ಅವರು ಸದಾ ನೀರಿನ ಜೊತೆಗೇ ತಿರುಗುವವರು. ದಂಡೆ ಎಲ್ಲಿ ಒಡೆದರೂ ಮುಚ್ಚುವುದು ಅವರ ಕೆಲಸ.

"ನನ್ನ ನೀರು ಕಟ್ಟಿದವರು ನೀವೇನಾ?" ಎಂದು ತೋಟಗಾರ ಕೂಗಿದ.

"ದಂಡೆ ಒಡೆದದ್ದು ಕಾಣಲ್ವೇನಣ್ಣಾ? ಒಡೆದ ಕಡೆ ನಿಲ್ಲಬೇಕು ಅನ್ನುವುದೊಂದೇ ನಮಗೆ ಗೊತ್ತು" ಎಂದರು ಅವರು. "ಹೋದ ವರ್ಷ ನಿನ್ನ ತೋಟದ ಬದಿ ಕುಸಿದಾಗಲೂ ಹೀಗೇ ನಿಂತೆವು. ಅವತ್ತು ನೀನು ಎಲೆ ಅಡಿಕೆ ಕೊಟ್ಟೆ. ಇವತ್ತು ಕುಡುಗೋಲು ತಂದೆ."

"ಪ್ಲೇಟ್‌ಲೆಟ್" ಎಂದು ಚನ್ನವೀರನ ಬಾಯಿಂದ ಬಂತು.

"ಮಾರ್ಕ್ಸು" ಎಂದು ಮೇಡಂ ಎಚ್ಚರಿಸಿದರು.

ತೋಟಗಾರ ದಂಡೆ ನೋಡಿದ. ಅಲ್ಲಿ ಗಾರೆ ಒಡೆದಿತ್ತು. ಒಡೆದ ಗಾರೆಯ ಪಕ್ಕ ಒಬ್ಬ ಗಾರೆಯವನು ಕರಣೆ ಹಿಡಿದು ಕೂತಿದ್ದ. ಅವನ ಬೆರಳುಗಳು ಸವೆದಿದ್ದವು.

"ಈ ಗಾರೆ ನಿನ್ನದಾ?"

"ನನ್ನದೇ. ಒಳಗೆ ಕೆಟ್ಟ ಬೆಣ್ಣೆಯ ರಾಶಿ ಬಿದ್ದಿತ್ತು. ಅದು ನೀರಿಗೆ ಬೀಳಬಾರದು ಅಂತ ಮೇಲೆ ಬಳಿದೆ. ಅದನ್ನು ತಿನ್ನಲು ಒಳಗೆ ಕೂತ ಕಾವಲುಗಾರರು ಉರಿ ತಡೆಯಲಾರದೆ ಗಾರೆ ಕೆರೆದರು. ಇತ್ತೀಚೆಗೆ ನಾನು ಬಳಿದದ್ದಕ್ಕಿಂತ ಅವರು ಕೆರೆದದ್ದು ಹೆಚ್ಚಾಯಿತು."

"ರಾಶಿ ಯಾವಾಗಿನದು?"

"ಮೂವತ್ತು ವರ್ಷದ್ದು."

"ಮೂವತ್ತು ವರ್ಷ! ನನಗೊಂದು ಮಾತು ಹೇಳಬಾರದಿತ್ತಾ?"

ಗಾರೆಯವನು ತಲೆ ತಗ್ಗಿಸಿದ. "ರಾಶಿ ಬೆಳೆದ ಹಾಗೆ ನಾವು ದಂಡೆಯನ್ನೇ ಹೊರಗೆ ಸರಿಸಿದೆವು. ನಿನಗೆ ಒಂದು ಬೊಗಸೆ ನೀರು ಕಡಿಮೆಯಾಗಬಾರದಲ್ಲ. ನೀನು ನೆಮ್ಮದಿಯಾಗಿರಲಿ ಅಂದುಕೊಂಡೆವು."

ಒಡೆದ ಜಾಗದಿಂದ ತೋಟಗಾರ ಒಳಗೆ ಇಣುಕಿದ. ದಂಡೆಗುಂಟ ಮನೆಗಳ ಸಾಲು. ಮನೆಗಳ ಹಿಂದೆ ಇಕ್ಕಟ್ಟಾದ ಹಿತ್ತಿಲು. ಹಿತ್ತಿಲ ತುಂಬ ಊರಿನ ಕಾವಲುಗಾರರು ಊಟದ ಎಲೆಗಳ ಮುಂದೆ ಸತ್ತುಬಿದ್ದಿದ್ದರು. ಒಬ್ಬನಿಗೆ ಮಾತ್ರ ಉಸಿರಿತ್ತು. ಅವನ ಮೈ ನೊರೆಯ ಹಾಗೆ ಉಬ್ಬಿತ್ತು. ಬಂದ ಬಾಗಿಲಿನಲ್ಲಿ ಈಗ ಅವನ ಭುಜವೂ ಹಿಡಿಸುವಂತಿರಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಊಟಕ್ಕೆ ಕೂತವರು ಹೊಟ್ಟೆ ತುಂಬಿದಾಗ ಎಲೆಗೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಮುಂದೆ ಹೋಗಬೇಕು. ಮನೆಗಳೂ ಹಾಗೆಯೇ. ಕಾಲುವೆಯಲ್ಲಿ ಬೆಣ್ಣೆಯ ಹರಿಗೋಲು ಬಂದರೆ ಬೇಕಾದಷ್ಟು ಇಳಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದವು. ಕಾವಲುಗಾರರಿಗೆ ಮಾತ್ರ ಆ ಪದ್ಧತಿ ಇರಲಿಲ್ಲ. ಊರಲ್ಲಿ ಕೆಟ್ಟದ್ದು ಏನು ಬಿದ್ದಿದ್ದರೂ ಅದನ್ನು ಅವರೇ ತಿಂದು ಮುಗಿಸಬೇಕು. ಎಲೆಗೆ ಕೈ ಅಡ್ಡ ಹಿಡಿಯುವುದಿಲ್ಲವೆಂದು ಅವರು ಕೆಲಸಕ್ಕೆ ಸೇರುವ ದಿನವೇ ಆಣೆ ಮಾಡುತ್ತಿದ್ದರು.

"ಏಳಯ್ಯಾ, ಸಾಕು ಮಾಡು" ಎಂದ ತೋಟಗಾರ. ಕುಡುಗೋಲು ಹಿಡಿದವನ ದನಿ ಅಷ್ಟರಲ್ಲೇ ಸ್ವಲ್ಪ ಇಳಿದಿತ್ತು.

"ನಾನು ಎದ್ದರೆ ಇದನ್ನು ಯಾರು ತಿನ್ನುತ್ತಾರೆ?" ಎಂದ ಕಾವಲುಗಾರ. "ಈ ಮನೆಯ ಅಕ್ಕ ಕರೆದಳು. ಹಿತ್ತಿಲು ನಾರುತ್ತಿದೆ ಅಣ್ಣಾ, ಮಕ್ಕಳಿದ್ದಾರೆ ಅಂದಳು. ಇಲ್ಲ ಅನ್ನಲಾಗುತ್ತದಾ?"

ಮಾತು ಮುಗಿದಾಗ ಅವನ ಉಸಿರೂ ಮುಗಿದಿತ್ತು. ಅವನು ತಿಂದದ್ದೆಲ್ಲ ಮತ್ತೆ ಹಿತ್ತಿಲಿಗೇ ಬಿತ್ತು. ಆ ಸದ್ದು ಕೇಳಿ ಇನ್ನೊಬ್ಬ ಕಾವಲುಗಾರ ಓಡಿಬಂದು ಅದೇ ಎಲೆಯ ಮುಂದೆ ಕೂತ.

ಚನ್ನವೀರ ಬಾಯಿ ತೆರೆದವನು ಈ ಸಲ ತಾನೇ ಮುಚ್ಚಿಕೊಂಡ.

ತೋಟಗಾರ ಆ ಮನೆಯ ಮುಂಬಾಗಿಲಿಗೆ ಬಂದ. ಮನೆಯೊಡತಿ ಹೊಸ್ತಿಲಲ್ಲಿ ನಿಂತಿದ್ದಳು. ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದ್ದಳು. ಕಾವಲುಗಾರರನ್ನು ಕರೆಯುವವರು ಆ ಊರಿನಲ್ಲಿ ಹಾಗೆ ಕಟ್ಟುತ್ತಾರೆ. ಬಾಗಿಲಿನ ಹಲಗೆಗಳು ಸಡಿಲವಾಗಿದ್ದವು.

"ಇಲ್ಲಿ ಕಾಲುವೆ ತಿರುಗುತ್ತದೆ. ನೀರು ಸುಳಿ ಸುತ್ತಿ ಬಾಗಿಲಿಗೆ ಬಡಿಯುತ್ತದೆ" ಎಂದಳು. "ಜೊತೆಗೆ ಎಲ್ಲಿಂದಲೋ ದಿನಾ ಹೊಗೆ. ಹೊಗೆ ತಿಂದು ಹಲಗೆ ಬಿರಿಯಿತು. ಸಂದಿಯಲ್ಲಿ ಚಿಕ್ಕ ಹರಿಗೋಲುಗಳು ಹಿತ್ತಿಲಿಗೆ ನುಸುಳಿದವು. ಬಂದಾಗ ಅವುಗಳಲ್ಲಿದ್ದದ್ದು ಒಳ್ಳೆಯ ಬೆಣ್ಣೆಯೇ. ಅಲ್ಲೇ ಸಿಕ್ಕಿಕೊಂಡು, ಕಾವಿಗೆ ಕಮಟಾಯಿತು. ನಾನು ಹೆದರಿ ಬಟ್ಟೆ ಕಟ್ಟಿದೆ. ಅವರು ಬಂದರು. ಬಂದವರು ಹೊರಗೆ ಹೋಗಲಿಲ್ಲ. ನನಗೆ ಮತ್ತೆ ಹೆದರಿಕೆಯಾಯಿತು, ಮತ್ತೊಂದು ಬಟ್ಟೆ ಕಟ್ಟಿದೆ."

"ಹೊಗೆ" ಎಂದ ಚನ್ನವೀರ. ಅದು ಉತ್ತರ ಕೊಡುವವನ ದನಿಯಾಗಿರಲಿಲ್ಲ. "ಅಪ್ಪ ಸಿಗರೇಟು ಸೇದುತ್ತಿದ್ದರು. ಚಿಕ್ಕವನಿದ್ದಾಗ ಅಂಗಡಿಗೆ ಓಡಿಹೋಗಿ ತಂದುಕೊಡುತ್ತಿದ್ದದ್ದು ನಾನು. ಉಳಿದ ಚಿಲ್ಲರೆಗೆ ಪೆಪ್ಪರಮಿಂಟು."

ಮೇಡಂ ಅವನ ಮಂಡಿಯ ಮೇಲೊಮ್ಮೆ ಕೈಯಿಟ್ಟು ತೆಗೆದರು. ಕತೆ ಮುಂದುವರಿಸಿದರು.

ಹರಿಗೋಲು ಕಳಿಸುವವರನ್ನು ಹುಡುಕುತ್ತ ತೋಟಗಾರ ಕಾಲುವೆ ಹುಟ್ಟುವ ಕಡೆ ಬಂದ. ಕಡಿಯಬಹುದಾದವರಲ್ಲಿ ಇನ್ನು ಉಳಿದದ್ದು ಒಬ್ಬಳೇ. ಅಲ್ಲಿ ಒಬ್ಬ ಮುದುಕಿ ಬುಟ್ಟಿಯಂಥ ಗುಂಡು ಹರಿಗೋಲುಗಳಿಗೆ ಬೆಣ್ಣೆ ತುಂಬಿ ನೀರಿಗೆ ಬಿಡುತ್ತಿದ್ದಳು. ಪಕ್ಕದಲ್ಲಿ ಅವಳ ಊಟದ ಎಲೆ ಹಾಸಿತ್ತು. ಅವಳಿನ್ನೂ ಉಂಡಿರಲಿಲ್ಲ.

ಕುಡುಗೋಲು ಕಂಡೂ ಅವಳು, "ಬಾ ಮಗಾ, ಬಿಸಿಲಲ್ಲಿ ನಡೆದು ಬಂದಿದ್ದೀಯ. ಉಂಡೆಯಾ?" ಎಂದಳು.

"ನನ್ನ ತೋಟ ಒಣಗಿತು. ಒಣಗಿಸಿದ್ದು ನಿನ್ನ ಬೆಣ್ಣೆ."

ಮುದುಕಿ ಕಾಲುವೆಯ ಕೆಳಗಡೆ ಎಷ್ಟೋ ಹೊತ್ತು ನೋಡಿದಳು.

"ಹೆಚ್ಚು ಕಳಿಸಿದೆ, ಹೌದು. ನಾನು ಹುಡುಗಿಯಾಗಿದ್ದಾಗ ಹರಿಗೋಲುಗಳು ಖಾಲಿ ಹೋಗುತ್ತಿದ್ದವು ಕಣಪ್ಪಾ. ಕೆಳಗಿನ ಮನೆಗಳಲ್ಲಿ ಮಕ್ಕಳು ಅಳುವುದು ಇಲ್ಲಿಯವರೆಗೂ ಕೇಳುತ್ತಿತ್ತು. ಆ ಅಳು ಕೇಳಿದ ಕೈ ಇದು. ಆಮೇಲೆ ಇದಕ್ಕೆ ಅಳತೆ ಬರಲೇ ಇಲ್ಲ. ಕೆಳಗಿನವರು ಸಾಕು ಅಂದದ್ದು ನಾಚಿಕೆಗೆ ಅಂದುಕೊಂಡೆ."

ಅವಳು ಸೌಟನ್ನು ಬೋರಲು ಹಾಕಿದಳು. ಪಕ್ಕದಲ್ಲಿದ್ದ ತನ್ನ ಎಲೆಯನ್ನು ಉಣ್ಣದೆ ಹಾಗೇ ಮಡಚಿದಳು.

ಮೇಡಂ ಕತೆ ನಿಲ್ಲಿಸಿದರು.

"ತೋಟಗಾರ ಏನು ಮಾಡಿದ ಮೇಡಂ?"

"ಅದಿರಲಿ. ಈಗ ಉತ್ತರ ಹೇಳು. ಯಾರು ಯಾರು?"

ಚನ್ನವೀರ ಬೆನ್ನು ನೆಟ್ಟಗೆ ಮಾಡಿಕೊಂಡ. ಇದು ಅವನಿಗೆ ಚೆನ್ನಾಗಿ ಗೊತ್ತಿದ್ದ ಪಾಠ.

"ಹರಿಗೋಲು ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣ. ಮನೆಗಳ ಸಾಲು ರಕ್ತನಾಳದ ಒಳಪದರ. ಕಣ ಪದರ ದಾಟಿ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಆಮ್ಲಜನಕ ತಾಗಿ ಕೆಡುತ್ತದೆ. ಪದರದ ಜೀವಕೋಶಗಳು ತಮ್ಮ ಮೈಮೇಲೆ ಅಂಟು ಅಣುಗಳನ್ನು ಹೊರಡಿಸಿ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಅದು ಕೆಂಪು ಬಟ್ಟೆ. ಬೇರೆ ಜೀವಕೋಶಗಳು ಸಾಕಾದಾಗ ಬಾಗಿಲು ಹಾಕಿಕೊಳ್ಳುತ್ತವೆ. ಆ ಬಿಳಿ ಕಣಗಳಿಗೆ ಕೆಟ್ಟ ಕೊಬ್ಬಿನ ವಿಷಯದಲ್ಲಿ ಅದು ಗೊತ್ತಿಲ್ಲ. ತಿಂದು ತಿಂದು ನೊರೆಕೋಶಗಳಾಗಿ ಅಲ್ಲೇ ಸಾಯುತ್ತವೆ. ಗಾರೆಯವನು ಸ್ನಾಯುಕೋಶ. ಗಾರೆ ತೆಳುವಾಗಿ ಒಡೆದರೆ ರಕ್ತ ಅದನ್ನು ಗಾಯ ಅಂದುಕೊಂಡು ಹೆಪ್ಪುಗಟ್ಟುತ್ತದೆ. ತೋಟ ಅಂದರೆ..."

ಅವನು ತಡೆದ. "ತೋಟ ಅಪ್ಪನ ಹೃದಯ."

"ಎಲ್ಲ ಸರಿ" ಎಂದರು ಮೇಡಂ. "ಬೆಣ್ಣೆ ಹೆಚ್ಚಾದದ್ದೂ ನಿಜ. ಅದನ್ನು ಸುಳ್ಳು ಅಂತ ನಾನು ಹೇಳುವುದಿಲ್ಲ. ಇವರಲ್ಲಿ ಕೆಡುಕು ಬಯಸಿದವರು ಯಾರು?"

ಚನ್ನವೀರ ಕಾಲುವೆಗುಂಟ ಮನಸ್ಸಿನಲ್ಲೇ ಇನ್ನೊಮ್ಮೆ ನಡೆದು ಬಂದ. ಬಲೆ ಎಸೆದುಕೊಂಡು ನಿಂತವರು. ಕರಣೆ ಹಿಡಿದವನು. ಎಲೆಯ ಮುಂದೆ ಸತ್ತವನು. ಹೊಸ್ತಿಲಲ್ಲಿ ಹೆದರಿ ನಿಂತವಳು. ಅಂಗಡಿಗೆ ಓಡುವ ಒಬ್ಬ ಹುಡುಗನೂ ಈಗ ದಾರಿಯಲ್ಲಿ ಸಿಕ್ಕಿದ.

"ಯಾರೂ ಇಲ್ಲ" ಎಂದ. "ಆದರೆ ಆ ಮುದುಕಿ ಯಾರು ಅಂತ ಪುಸ್ತಕದಲ್ಲಿ ಇಲ್ಲ ಮೇಡಂ."

ಮೇಡಂ ಕೊನೆಯ ಸೂಕ್ಷ್ಮದರ್ಶಕಕ್ಕೆ ಮುಸುಕು ಎಳೆದು, ಅಂಚನ್ನು ಸರಿಮಾಡಿದರು.

"ನೀನು ಆ ಮಾತು ಅಂದಮೇಲೆ ಈ ಒಂಬತ್ತು ದಿನ ಅಜ್ಜಿ ಉಂಡರಾ?" ಎಂದು ಕೇಳಿದರು.

ಚನ್ನವೀರನಿಗೆ ಅದು ಗೊತ್ತಿರಲಿಲ್ಲ.